ಹಳೆ ಜೀಪು, ಅಂಬಾಸಿಡರ್‌ಗೆ ಅಸಲಿ ನಟ್ಟು-ಬೋಲ್ಟು ಹೊಂದಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಎಂಜಿನ್ ಕೆಲಸ ಮುಗಿದಿದೆ, ಟಿಂಕರಿಂಗ್ ಆಗಿದೆ, ಬಣ್ಣವೂ ಬಿದ್ದಿದೆ. ಆದರೂ ಜೀಪು ಶೆಡ್ಡಿನಿಂದ ಆಚೆ ಬಂದಿಲ್ಲ. ಕೇಳಿದರೆ "ನಾಲ್ಕು ಬೋಲ್ಟು ಸಿಗ್ತಾ ಇಲ್ಲ" ಎನ್ನುತ್ತಾರೆ. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಹಳೆ ಗಾಡಿ ಕಟ್ಟುತ್ತಿರುವವರು ಪದೇ ಪದೇ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ದೊಡ್ಡ ಸಾಮಾನು ಹೇಗೋ ಸಿಗುತ್ತದೆ. ಬೋಲ್ಟು, ಕ್ಲಿಪ್ಪು, ವಾಷರ್, ಪಿನ್ನು, ಪೈಪಿನ ನಟ್ಟು ಸಿಗುವುದಿಲ್ಲ. ಸಿಕ್ಕರೂ ಕೂರುವುದಿಲ್ಲ.

ಸಾಮಾನ್ಯವಾಗಿ ಆಗುವುದು ಹೀಗೆ. ಹುಡುಗನ ಕೈಗೆ ಹಳೆ ಬೋಲ್ಟು ಕೊಟ್ಟು ಹಾರ್ಡ್‌ವೇರ್ ಅಂಗಡಿಗೆ ಕಳಿಸುತ್ತಾರೆ. ಅಂಗಡಿಯವರು ಒಮ್ಮೆ ನೋಡಿ 8 ಎಂಎಂ ಬೋಲ್ಟು ಕೊಡುತ್ತಾರೆ. ಎರಡು ಸುತ್ತು ಹತ್ತುತ್ತದೆ, ಆಮೇಲೆ ಬಿಗಿ. ಸ್ಪ್ಯಾನರ್ ಹಾಕಿ ಒತ್ತುತ್ತಾರೆ. ಬೋಲ್ಟು ಹೋದರೆ ಹೋಗಲಿ, ಎಂಜಿನ್ ಬ್ಲಾಕಿನ ಥ್ರೆಡ್ಡೇ ಹೋಗುತ್ತದೆ. ಹತ್ತು ರೂಪಾಯಿ ಬೋಲ್ಟಿಗಾಗಿ ಬ್ಲಾಕನ್ನು ಲೇತ್‌ಗೆ ಹೊರುವ ಪಾಡು.

ಆದ್ದರಿಂದ ಕ್ರಮ ಮುಖ್ಯ. ಮೊದಲು ಇರುವುದನ್ನು ಉಳಿಸಿಕೊಳ್ಳಿ. ಅದು ಏನೆಂದು ಗುರುತಿಸಿ. ಆಮೇಲೆ ಹುಡುಕಿ. ಮಾಡಿಸುವ ಮಾತು ಕೊನೆಗೆ.

ಕೈಯಲ್ಲಿ ಇರಬೇಕಾದ ಸಾಮಾನು

ಒಂದು ವರ್ನಿಯರ್ ಕ್ಯಾಲಿಪರ್. ಪಿಚ್ ಗೇಜ್, ಅಂದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ಅಂತರ (ಪಿಚ್) ನೋಡುವ ಸಾಧನ. ಅದರಲ್ಲಿ ಮೆಟ್ರಿಕ್ (ಎಂಎಂ ಲೆಕ್ಕ), ಇಂಚಿನ 60 ಡಿಗ್ರಿ ಕೋನದ್ದು, ಇಂಚಿನ 55 ಡಿಗ್ರಿ ಕೋನದ್ದು ಮೂರೂ ಇರಲಿ. ಒಂದೇ ಬಗೆಯ ಗೇಜ್ ಇಟ್ಟುಕೊಂಡು ಅಳೆದರೆ ಎಲ್ಲವೂ ಅದೇ ಥರ ಕಾಣಿಸುತ್ತದೆ. ಜಿಪ್ ಕವರ್, ಮಾರ್ಕರ್, ಸಣ್ಣ ತಂತಿ, ವೈರ್ ಬ್ರಷ್, ತುಕ್ಕು ಸಡಿಲಿಸುವ ಎಣ್ಣೆ, ಅಯಸ್ಕಾಂತ ಬೇಕು.

ಇಂಚಿನ ಸ್ಪ್ಯಾನರ್ ಸೆಟ್ ಇಲ್ಲದೆ ಜೀಪು, ಅಂಬಾಸಿಡರ್ ಮುಟ್ಟಲೇಬೇಡಿ. 1/2 ಇಂಚು ಎಂದರೆ 12.7 ಎಂಎಂ. ಅದಕ್ಕೆ 13 ಎಂಎಂ ಸ್ಪ್ಯಾನರ್ ಹಾಕಿದರೆ ಕೂತ ಹಾಗೆ ಅನ್ನಿಸುತ್ತದೆ. ತುಕ್ಕು ಹಿಡಿದ ಬೋಲ್ಟಿನ ಮೂಲೆ ಸವೆದು ದುಂಡಗಾಗಲು ಅಷ್ಟು ಸಡಿಲ ಸಾಕು. 7/16, 1/2, 9/16, 5/8, 3/4 ಇಷ್ಟು ರಿಂಗ್ ಸ್ಪ್ಯಾನರ್ ಇದ್ದರೆ ಮುಕ್ಕಾಲು ಕೆಲಸ ನಡೆಯುತ್ತದೆ.

ಹಂತ 1: ಬಿಚ್ಚುವ ದಿನವೇ ಉಳಿಸಿಕೊಳ್ಳಿ

ಅಸಲಿ ಬೋಲ್ಟು ಕಳೆದುಹೋಗುವುದು ಗಾಡಿ ಬಿಚ್ಚಿದ ದಿನ. ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ, ಡಬ್ಬಿಯನ್ನು ಗ್ಯಾರೇಜಿನ ಮೂಲೆಗೆ ತಳ್ಳಿದರೆ ಮುಗಿಯಿತು. ಆರು ತಿಂಗಳ ಮೇಲೆ ಅದರೊಳಗೆ ಟ್ರ್ಯಾಕ್ಟರಿನ ಬೋಲ್ಟೂ ಇರುತ್ತದೆ, ಮೋಟಾರು ಪಂಪಿನದೂ ಇರುತ್ತದೆ.

ಮಲೆನಾಡಿನ ಮಳೆ ತಿಂದ ಬೋಲ್ಟು ಮೊದಲ ಎಳೆತಕ್ಕೆ ಬರುವುದಿಲ್ಲ. ಹಿಂದಿನ ರಾತ್ರಿಯೇ ಎಣ್ಣೆ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಬಿಡಿ. ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಬರಲಿಲ್ಲವೆಂದರೆ ಬಿಸಿ ಮಾಡಬಹುದು. ಆದರೆ ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು, ರಬ್ಬರ್ ಬುಷ್ ಹತ್ತಿರ ಬೆಂಕಿ ಬೇಡ. ಹಳೆಯ ಬೋಲ್ಟಿನ ಮೇಲೆ ಮಾಸಲು ಬೆಳ್ಳಿಯ ಅಥವಾ ಹೊಂಬಣ್ಣದ ಲೇಪ ಕಂಡರೆ ಅದು ಕ್ಯಾಡ್ಮಿಯಂ ಇರಬಹುದು. ಅದನ್ನು ಬಿಸಿ ಮಾಡಬೇಡಿ, ಗ್ರೈಂಡಿಂಗ್ ಮಾಡಬೇಡಿ. ಅದರ ಹೊಗೆ, ದೂಳು ಎರಡೂ ವಿಷ.

ವಿಲ್ಲಿಸ್ ಮಾದರಿಯ ಹಳೆ ಜೀಪಿನಲ್ಲಿ ಎಡಗಡೆಯ ಚಕ್ರಗಳಿಗೆ ಎಡ ಥ್ರೆಡ್ ಇರುತ್ತದೆ, ಅಂದರೆ ನಟ್ಟು ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಚಕ್ರದ ನಟ್ಟು ಕೂರುವ ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ 'ಎಲ್' ಅಕ್ಷರ ಇದೆಯಾ ಎಂದು ಉಜ್ಜಿ ನೋಡಿ. ಬ್ರಿಟಿಷ್ ಗಾಡಿಗಳಲ್ಲಿ ಎಡ ಥ್ರೆಡ್ ನಟ್ಟಿನ ಮೂಲೆಗಳಲ್ಲಿ ಸಣ್ಣ ಕಚ್ಚು ಇರುತ್ತದೆ. ಇದು ಗೊತ್ತಿಲ್ಲದೆ ಉದ್ದದ ಪೈಪು ಹಾಕಿ ನೇತಾಡಿ ಸ್ಟಡ್ ಮುರಿದವರು ಪ್ರತಿ ಊರಿನಲ್ಲೂ ಇದ್ದಾರೆ.

ಭಾಗ ತೆಗೆದ ಮೇಲೆ ಬೋಲ್ಟನ್ನು ಅದೇ ತೂತಿಗೆ ಎರಡು ಸುತ್ತು ಹಾಕಿ ಬಿಡುವುದು ಎಲ್ಲಕ್ಕಿಂತ ಒಳ್ಳೆ ಉಪಾಯ. ಆಗದಿದ್ದರೆ ಒಂದೊಂದು ಜಾಗಕ್ಕೆ ಒಂದೊಂದು ಕವರ್. ಕವರ್ ಮೇಲೆ ಜಾಗದ ಹೆಸರು ಬರೆಯಿರಿ. ವಾಷರ್ ಯಾವ ಕ್ರಮದಲ್ಲಿತ್ತು ಎಂದು ಫೋಟೋ ತೆಗೆದಿಡಿ. ತುಂಡಾದ ಬೋಲ್ಟನ್ನೂ ಬಿಸಾಡಬೇಡಿ. ಗುರುತು ಇರುವುದು ತಲೆಯ ಮೇಲೆ. ಮೂಲ ಬಣ್ಣ, ಲೇಪ ಉಳಿದಿರುವುದು ತಲೆಯ ಅಡಿಯಲ್ಲಿ, ವಾಷರ್ ಮುಚ್ಚಿದ್ದ ಜಾಗದಲ್ಲಿ.

ಹಂತ 2: ಗಾಡಿಯ ಥ್ರೆಡ್ ಯಾವ ವಂಶದ್ದು?

ಮಹೀಂದ್ರ 1947ರಿಂದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಅದರ ಬೋಲ್ಟುಗಳು ಅಮೆರಿಕದ ಇಂಚಿನ ಲೆಕ್ಕ. ಫೈನ್ ಥ್ರೆಡ್ ಯುಎನ್‌ಎಫ್, ದಪ್ಪ ಥ್ರೆಡ್ ಯುಎನ್‌ಸಿ. 1957ರಲ್ಲಿ ಬಂದ ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ರೂಪ. ಅದರಲ್ಲಿ ಬಹುತೇಕ ಯುಎನ್‌ಎಫ್. ಲೂಕಾಸ್ ಎಲೆಕ್ಟ್ರಿಕಲ್ ಭಾಗಗಳ ಸಣ್ಣ ಸ್ಕ್ರೂಗಳು ಮಾತ್ರ ಬಿಎ ಎಂಬ ಬೇರೆ ಲೆಕ್ಕಕ್ಕೆ ಸೇರಿರಬಹುದು. ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಯುಎನ್‌ಎಫ್ ಕಡೆಯದೇ.

ಫಿಯೆಟ್ 1100 ಮತ್ತು ಪ್ರೀಮಿಯರ್ ಪದ್ಮಿನಿ ಮೆಟ್ರಿಕ್. ಹಾಗಂತ ಸುಲಭ ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಸುಮ್ನೆ 10 ಎಂಎಂ ಎಂದರೆ 1.5 ಪಿಚ್ಚಿನದು ಕೊಡುತ್ತಾರೆ. ಗಾಡಿಗೆ 1.25 ಬೇಕಿರಬಹುದು.

1950ಕ್ಕಿಂತ ಹಿಂದಿನ ಬ್ರಿಟಿಷ್ ಕಾರು ಇದ್ದರೆ ಬಿಎಸ್‌ಎಫ್ ಮತ್ತು ವಿಟ್‌ವರ್ತ್ ಎಂಬ ಹಳೆ ಬ್ರಿಟಿಷ್ ಥ್ರೆಡ್ ಲೆಕ್ಕ. ಅಮೆರಿಕ, ಬ್ರಿಟನ್, ಕೆನಡಾ ಮೂರೂ ಒಂದೇ ಥ್ರೆಡ್ (ಈಗಿನ ಯುಎನ್‌ಎಫ್, ಯುಎನ್‌ಸಿ) ಒಪ್ಪಿದ್ದು 1948ರಲ್ಲಿ. ಅದು ಕಾರ್ಖಾನೆಗಳಿಗೆ ಇಳಿಯಲು ಇನ್ನೂ ಕೆಲವು ವರ್ಷ ಹಿಡಿಯಿತು. ಇನ್ನು ಎಂಜಿ ಟಿಸಿ, ಟಿಡಿ ಕಾರುಗಳ ಎಂಜಿನ್ನಿನಲ್ಲಿ ಥ್ರೆಡ್ ಮೆಟ್ರಿಕ್, ತಲೆ ವಿಟ್‌ವರ್ತ್ ಸ್ಪ್ಯಾನರಿಗೆ! ಅಂಥ ಗಾಡಿ ನಿಮ್ಮಲ್ಲಿದ್ದರೆ ಇಲ್ಲಿನ ಯಾವ ಅಂಗಡಿಗೂ ಅಲೆಯಬೇಡಿ. ನೇರ ಬ್ರಿಟನ್ನಿನ ಹಳೆ ಕಾರಿನ ಬಿಡಿಭಾಗ ಮಾರುವವರಿಂದ ತರಿಸಿ.

ತೋಟದ ಜೀಪುಗಳಲ್ಲಿ ಇನ್ನೊಂದು ತೊಡಕಿದೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಜೀಪುಗಳೇ ಜಾಸ್ತಿ. ಅಲ್ಲಿ ಚಾಸಿ ಇಂಚಿನದು, ಎಂಜಿನ್ ಎಂಎಂನದು ಆಗಿರಬಹುದು. ಜೊತೆಗೆ ಐವತ್ತು ವರ್ಷದಲ್ಲಿ ಹತ್ತಾರು ಮೇಸ್ತ್ರಿಗಳ ಕೈ ಬಿದ್ದಿದೆ. ಒಂದು ಬೋಲ್ಟು ನೋಡಿ ತೀರ್ಮಾನಿಸಬೇಡಿ. ಒಂದೇ ಭಾಗದ ನಾಲ್ಕೈದು ನೋಡಿ. ಯಾರೂ ಬಿಚ್ಚಿರದ ಜಾಗದ ಬೋಲ್ಟು ಹೇಳುವುದು ನಿಜ.

ಹಂತ 3: ಅಳತೆ, ಹೆಚ್ಚು ಜನ ಎಡವುವುದು ಇಲ್ಲೇ

5/16 ಇಂಚು ಎಂದರೆ 7.94 ಎಂಎಂ. 8 ಎಂಎಂ ಬೋಲ್ಟಿಗೂ ಅದಕ್ಕೂ ಇರುವ ವ್ಯತ್ಯಾಸ ತುಕ್ಕಿನ ಪದರಕ್ಕಿಂತ ಕಡಿಮೆ. ವರ್ನಿಯರ್ ಒಂದನ್ನೇ ನಂಬಿದರೆ ಕೆಟ್ಟಿರಿ. ಪಿಚ್ ನೋಡಲೇಬೇಕು.

ಇಂಚಿನ ಬೋಲ್ಟಿನಲ್ಲಿ ಒಂದು ಇಂಚಿಗೆ ಎಷ್ಟು ಥ್ರೆಡ್ ಎಂದು ಎಣಿಸುತ್ತಾರೆ. ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕಾದ ಲೆಕ್ಕ ಇದು:

1/4 ಇಂಚು: ಯುಎನ್‌ಎಫ್ 28, ಯುಎನ್‌ಸಿ 20
5/16 ಇಂಚು: ಯುಎನ್‌ಎಫ್ 24, ಯುಎನ್‌ಸಿ 18
3/8 ಇಂಚು: ಯುಎನ್‌ಎಫ್ 24, ಯುಎನ್‌ಸಿ 16
7/16 ಇಂಚು: ಯುಎನ್‌ಎಫ್ 20, ಯುಎನ್‌ಸಿ 14
1/2 ಇಂಚು: ಯುಎನ್‌ಎಫ್ 20, ಯುಎನ್‌ಸಿ 13

ಗೇಜ್ ಇಲ್ಲದಿದ್ದರೆ ಗೊತ್ತಿರುವ ಬೋಲ್ಟನ್ನು ಗೊತ್ತಿಲ್ಲದ್ದರ ಪಕ್ಕ ಒತ್ತಿ ಹಿಡಿದು ಬೆಳಕಿಗೆ ನೋಡಿ. ಥ್ರೆಡ್‌ಗಳು ಪೂರ್ತಿ ಉದ್ದಕ್ಕೂ ಒಂದರೊಳಗೊಂದು ಕೂತು ಬೆಳಕು ಕಾಣದಿದ್ದರೆ ಪಿಚ್ ಒಂದೇ.

ನಮ್ಮ ಸೀಮೆಯ ದೊಡ್ಡ ಬಲೆ ಕಾಫಿ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಬ್ರಿಟನ್ನಿನಿಂದ ಬಂದ ಹಳೆ ಪಲ್ಪಿಂಗ್ ಯಂತ್ರಗಳ ಬೋಲ್ಟು ವಿಟ್‌ವರ್ತ್. ತೋಟದ ಸ್ಟೋರಿನಲ್ಲಿ ಅವು ಡಬ್ಬಿಗಟ್ಟಲೆ ಸಿಗುತ್ತವೆ. 1/4, 5/16, 3/8 ಇಂಚಿನಲ್ಲಿ ವಿಟ್‌ವರ್ತ್‌ಗೂ ಯುಎನ್‌ಸಿಗೂ ಥ್ರೆಡ್ ಎಣಿಕೆ ಒಂದೇ. ಹಾಗಾಗಿ ಜೀಪಿನ ತೂತಿಗೆ ಆರಾಮಾಗಿ ಹೋಗುತ್ತದೆ. ಆದರೆ ವಿಟ್‌ವರ್ತ್‌ನ ಥ್ರೆಡ್ ಕೋನ 55 ಡಿಗ್ರಿ, ಯುಎನ್‌ಸಿಯದು 60. ಮೈಗೆ ಮೈ ಕೂರುವುದಿಲ್ಲ, ಭಾರವೆಲ್ಲ ಅಂಚಿನ ಮೇಲೆ ಬೀಳುತ್ತದೆ. ಬಾನೆಟ್ಟಿನ ಹುಕ್ಕಿಗೆ ನಡೆದೀತು, ಎಂಜಿನ್ ಮೌಂಟಿಂಗಿಗೆ ನಡೆಯದು. 1/2 ಇಂಚಿನಲ್ಲಂತೂ ವಿಟ್‌ವರ್ತ್ 12, ಯುಎನ್‌ಸಿ 13. ಅಲ್ಲಿ ಒತ್ತಿದರೆ ಥ್ರೆಡ್ ಕಿತ್ತೇ ಬರುತ್ತದೆ.

ಜೀವಕ್ಕೆ ಅಪಾಯ ತರುವ ಬಲೆ ಬ್ರೇಕ್ ಪೈಪಿನ ನಟ್ಟು. ಇಂಚಿನದು 3/8, 24 ಥ್ರೆಡ್. ಮೆಟ್ರಿಕ್ ಆದರೆ 10 ಎಂಎಂ, 1 ಪಿಚ್. ನೋಡಲು ಅವಳಿಗಳು. 3/8 ನಟ್ಟನ್ನು 10 ಎಂಎಂ ತೂತಿಗೆ ಹಾಕಿದರೆ ಹೋಗುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ. ನಿಜವಾದ ಹಿಡಿತ ಇರುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಪೆಡಲ್ ಒತ್ತಿದಾಗ ಅದು ಕೈಕೊಟ್ಟರೆ ಏನು ಗತಿ? ಈ ನಟ್ಟು ಬೆರಳಲ್ಲಿ ತಿರುಗಿಸುವಾಗ ಅಲುಗಾಡಿದರೆ ಅಲ್ಲೇ ನಿಲ್ಲಿಸಿ. ಪೈಪಿನ ತುದಿಯ ಫ್ಲೇರ್ (ಅಗಲಿಸಿದ ಬಾಯಿ) ಆಕಾರವನ್ನೂ ಹಳೆಯದಕ್ಕೆ ಹಿಡಿದು ನೋಡಿ. ಆಕಾರ ಬೇರೆಯಾದರೆ ಎಷ್ಟು ಬಿಗಿದರೂ ಸೋರುತ್ತದೆ.

ಜೀಪಿನ ಆಯಿಲ್ ಪ್ರೆಷರ್ ಪೈಪಿನ 1/8 ಫಿಟ್ಟಿಂಗ್ ಅಮೆರಿಕದ ಪೈಪ್ ಲೆಕ್ಕವಾದ ಎನ್‌ಪಿಟಿ, ಇಂಚಿಗೆ 27 ಥ್ರೆಡ್. ನಮ್ಮ ಅಂಗಡಿಗಳಲ್ಲಿ ಸಿಗುವ ನೀರಿನ ಪೈಪಿನ ಲೆಕ್ಕ ಬಿಎಸ್‌ಪಿ, 28 ಥ್ರೆಡ್. ಟೇಪು ಸುತ್ತಿ ಕೂರಿಸಿದರೆ ನಾಲ್ಕು ದಿನ ಸೋರದೆ ಇರುತ್ತದೆ, ಅಷ್ಟೇ.

ಸಣ್ಣ ಸ್ಕ್ರೂಗಳಲ್ಲಿ 0 ಬಿಎ ಎಂದರೆ 6 ಎಂಎಂ, 1 ಪಿಚ್. ಹಾಗಾಗಿ ಮಾಮೂಲು 6 ಎಂಎಂ ಸ್ಕ್ರೂ ನಡೆದುಹೋಗುತ್ತದೆ. ಆದರೆ 2 ಬಿಎ 4.7 ಎಂಎಂ. 5 ಎಂಎಂ ಸ್ಕ್ರೂ ತುರುಕಿದರೆ ಹಿತ್ತಾಳೆಯ ಟರ್ಮಿನಲ್ ಹಾಳು.

ಹಂತ 4: ತಲೆಯ ಮೇಲಿನ ಗುರುತು ಓದಿ

ಗ್ರೇಡ್ ಎಂದರೆ ಬೋಲ್ಟಿನ ಗಟ್ಟಿತನದ ದರ್ಜೆ. ಅಮೆರಿಕದ ಲೆಕ್ಕದಲ್ಲಿ ತಲೆಯ ಮೇಲೆ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಗೆರೆ ಇಲ್ಲದ್ದು ಸಾಧಾರಣ. ಮೆಟ್ರಿಕ್‌ನಲ್ಲಿ 8.8, 10.9 ಎಂದು ಅಂಕಿ ಇರುತ್ತದೆ. ಅಂಬಾಸಿಡರಿನಲ್ಲಿ ಒಂದಕ್ಕೊಂದು ತಾಗಿದ ಸಣ್ಣ ವೃತ್ತಗಳು ಕಂಡರೆ ಅದು ಯುಎನ್‌ಎಫ್ ಅಥವಾ ಯುಎನ್‌ಸಿ ಥ್ರೆಡ್ ಎಂದು ತಿಳಿಸುವ ಬ್ರಿಟಿಷ್ ಗುರುತು.

ಸ್ಟೇರಿಂಗ್, ಬ್ರೇಕ್, ಸ್ಪ್ರಿಂಗ್ ಯು-ಬೋಲ್ಟು, ಚಕ್ರದ ಸ್ಟಡ್ಡು, ಕನೆಕ್ಟಿಂಗ್ ರಾಡ್: ಇಲ್ಲಿಗೆ ಗುರುತಿಲ್ಲದ ಹೊಸ ಬೋಲ್ಟು ಹಾಕಬೇಡಿ. ತುಕ್ಕು ಹಿಡಿಯಲ್ಲ ಅಂತ ಸ್ಟೇನ್‌ಲೆಸ್ ಸ್ಟೀಲ್ ಹಾಕುವ ಚಾಳಿ ಈಗ ಜಾಸ್ತಿಯಾಗಿದೆ. ಅಂಗಡಿಯಲ್ಲಿ ಸಿಗುವ ಸಾಧಾರಣ ಸ್ಟೇನ್‌ಲೆಸ್ ಬೋಲ್ಟು 8.8ರಷ್ಟು ಗಟ್ಟಿಯಲ್ಲ. ಬಿಗಿಯುವಾಗ ಥ್ರೆಡ್ ಕಚ್ಚಿಕೊಂಡು ಮುರಿಯುವುದೂ ಉಂಟು. ನೋಡಲೂ ಹಳೆ ಗಾಡಿಗೆ ಒಗ್ಗುವುದಿಲ್ಲ.

ಹಂತ 5: ನಿಮ್ಮ ಗಾಡಿಗೆ 'ಅಸಲಿ' ಯಾವುದು ಎಂದು ತೀರ್ಮಾನಿಸಿ

ವಿದೇಶಿ ಕ್ಯಾಟಲಾಗ್ ನೋಡಿ ಭಾರತದಲ್ಲಿ ಮಾಡಿದ ಗಾಡಿಗೆ ದುಬಾರಿ ಬೋಲ್ಟು ತರಿಸುವುದು ದುಡ್ಡು ದಂಡ. 1970ರ ದಶಕದ ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದದ್ದು. ಅದರಲ್ಲಿ ನಮ್ಮ ದೇಶದ ಕಂಪನಿಗಳ ಜಿಕೆಡಬ್ಲ್ಯು ಅಥವಾ ಟಿವಿಎಸ್ ಗುರುತಿನ ಬೋಲ್ಟೇ ಇರಬಹುದು, ಅದೇ ಅದಕ್ಕೆ ಅಸಲಿ. ಅದೇ ಟಿವಿಎಸ್ ಗುರುತು 1950ರ ಜೀಪಿನಲ್ಲಿ ಕಂಡರೆ ಯಾರೋ ಬದಲಿಸಿದ್ದಾರೆ ಎಂದರ್ಥ. ಆ ಬೋಲ್ಟುಗಳು ಬಂದದ್ದೇ 1960ರ ದಶಕದಲ್ಲಿ. ಯುದ್ಧಕಾಲದ ಫೋರ್ಡ್ ಜಿಪಿಡಬ್ಲ್ಯು ಜೀಪು ಇದ್ದರೆ ಬೋಲ್ಟಿನ ತಲೆ ಉಜ್ಜಿ ನೋಡಿ. ಫೋರ್ಡಿನ 'ಎಫ್' ಅಕ್ಷರ ಇದ್ದರೆ ಒಂದೊಂದನ್ನೂ ಜೋಪಾನ ಮಾಡಿ.

ಸ್ಕ್ರೂ ತಲೆಯೂ ಕಾಲ ಹೇಳುತ್ತದೆ. ಡೋರ್ ಟ್ರಿಮ್ಮಿನಲ್ಲಿ ಒಂದೇ ಗೆರೆಯ ತಲೆ, ಅಡಿಯಲ್ಲಿ ಬಟ್ಟಲಿನಾಕಾರದ ವಾಷರ್ ಇದ್ದರೆ ಅದನ್ನೇ ಹುಡುಕಿ. ಅಲ್ಲಿ ಈಗಿನ ಸ್ಟಾರ್ ತಲೆಯ ಜಿಪ್ಸಂ ಸ್ಕ್ರೂ ಹಾಕಿದರೆ ಎಷ್ಟು ಬಣ್ಣ ಹೊಡೆದರೂ ಪ್ರಯೋಜನವಿಲ್ಲ.

ವಿಂಟೇಜ್ ನೋಂದಣಿಯ ಯೋಚನೆ ಇರುವವರಿಗೆ ಒಂದು ಮಾತು. 2021ರ ಕೇಂದ್ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿರಬೇಕು. ಡೀಸೆಲ್ ಕೂರಿಸಿದ ಜೀಪಿಗೆ ಅಸಲಿ ಬೋಲ್ಟು ಹುಡುಕುವ ಮೊದಲು ಈ ಲೆಕ್ಕ ನೋಡಿ. ಮತ್ತೆ, ಚಾಸಿ ಅಥವಾ ಎಂಜಿನ್ ನಂಬರನ್ನು ಹೊಸದಾಗಿ ಕೆತ್ತಿಸಲು ಹೋಗಬೇಡಿ. ಅದು ಅಪರಾಧ.

ಹಂತ 6: ಹಳೆಯದನ್ನೇ ಎಬ್ಬಿಸಿ

ಅರ್ಧಕ್ಕರ್ಧ ಬೋಲ್ಟು ಮತ್ತೆ ಬಳಸುವಂತೆಯೇ ಇರುತ್ತವೆ. ಡೀಸೆಲ್‌ನಲ್ಲಿ ನೆನೆಹಾಕಿ, ವೈರ್ ಬ್ರಷ್‌ನಲ್ಲಿ ಉಜ್ಜಿ. ಲೇಪ ಉಳಿದಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಕ್ಯಾಡ್ಮಿಯಂ ಇರಬಹುದು ಅನ್ನಿಸಿದರೆ ಬ್ರಷ್ ಹಾಕಲೇಬೇಡಿ, ದೂಳು ವಿಷ. ಬರೀ ತುಕ್ಕಾಗಿದ್ದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಾಕು. ಒಂದು ಲೀಟರ್ ನೀರಿಗೆ 50 ಗ್ರಾಂ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೊಳೆದು, ಅಡುಗೆ ಸೋಡಾ ನೀರಲ್ಲಿ ಅದ್ದಿ, ಒಣಗಿಸಿ, ತಕ್ಷಣ ಎಣ್ಣೆ ಹಚ್ಚಿ. ಜುಲೈ ತಿಂಗಳಲ್ಲಿ ಎಣ್ಣೆ ಇಲ್ಲದೆ ಒಂದು ರಾತ್ರಿ ಬಿಟ್ಟರೂ ಮತ್ತೆ ಕೆಂಪಾಗುತ್ತದೆ.

ಸ್ಪ್ರಿಂಗ್, ಸರ್ಕ್ಲಿಪ್, ಗ್ರೇಡ್ 8 ಬೋಲ್ಟು, ಮಜಾಕ್ (ಸತುವಿನ ಮಿಶ್ರಲೋಹ) ಅಥವಾ ಅಲ್ಯೂಮಿನಿಯಂ ಭಾಗಗಳನ್ನು ಇದರಲ್ಲಿ ಹಾಕಬೇಡಿ. ಆಮ್ಲ ಗಟ್ಟಿ ಉಕ್ಕನ್ನು ಪೆಡಸು ಮಾಡುತ್ತದೆ. ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಮತ್ತೆ ಕೆಲಸಕ್ಕೆ ಬರುತ್ತದೆ. ಫೈಬರ್ ವಾಷರ್, ಸ್ಪ್ಲಿಟ್ ಪಿನ್, ನೈಲಾನ್ ಇರುವ ಲಾಕ್ ನಟ್ಟು ಹೊಸದೇ ಹಾಕಿ.

ಬಿಸಾಡಲೇಬೇಕಾದ ಬೋಲ್ಟಿನ ಗುರುತು: ಮಧ್ಯದಲ್ಲಿ ಸೊಂಟ ಸಣ್ಣಗಾಗಿರುವುದು, ಥ್ರೆಡ್‌ಗಳ ಅಂತರ ಒಂದು ಕಡೆ ಹಿಗ್ಗಿರುವುದು, ತಲೆಯ ಬುಡದಲ್ಲಿ ಬಿರುಕು.

ಹಂತ 7: ಈಗ ಹುಡುಕಿ

ಮೊದಲು ಊರಲ್ಲೇ. ಹಳೆ ತೋಟಗಳ ಸ್ಟೋರ್ ರೂಮುಗಳಲ್ಲಿ ಬಿಚ್ಚದ ಪೊಟ್ಟಣಗಳು ಇನ್ನೂ ಇವೆ. ಕಾಫಿ ಕುಯ್ಲಿನ ಸಮಯದಲ್ಲಿ ಹೋಗಬೇಡಿ, ತೋಟದ ಲೆಕ್ಕ ನೋಡುವ ರೈಟರಿಗೆ ಮಾತಾಡಲು ಪುರುಸೊತ್ತು ಇರುವುದಿಲ್ಲ. ಕುಯ್ಲು ಮುಗಿದ ಮೇಲೆ ಧಣಿಗಳನ್ನು ಕೇಳಿ, ರೈಟರ ಜೊತೆ ಕೂತು ಡಬ್ಬಿ ಸುರಿದು ನೋಡಿ. ಪಲ್ಪರಿನ ಬೋಲ್ಟು ಯಾವುದು, ಜೀಪಿನದು ಯಾವುದು ಎಂದು ಅಲ್ಲೇ ಗೇಜ್ ಹಿಡಿದು ಬೇರೆ ಮಾಡಿ. ಹಾಸನ, ಚಿಕ್ಕಮಗಳೂರು, ಬೇಲೂರಿನ ಹಳೆ ಮೇಸ್ತ್ರಿಗಳಲ್ಲೂ ದಾಸ್ತಾನು ಇರುತ್ತದೆ. "ಬೋಲ್ಟು ಇದೆಯಾ ಮೇಸ್ತ್ರಿ?" ಎಂದರೆ ಇಲ್ಲ ಅಂತಾರೆ. ಹಳೆಯದನ್ನು ಕೈಗಿಟ್ಟು ಯಾವ ಜಾಗದ್ದು ಎಂದು ಹೇಳಿದರೆ ಎದ್ದು ಹುಡುಕುತ್ತಾರೆ.

ಗುಜರಿಗೆ ಹೋಗಿ ಬೋಲ್ಟು ಕೇಳುವುದಕ್ಕಿಂತ ಇಡೀ ಭಾಗ ಕೊಳ್ಳುವುದು ಲಾಭ. ಕೆಟ್ಟ ಗೇರ್ ಬಾಕ್ಸ್ ಕವರ್, ಹಾಳಾದ ಡೈನಮೋ, ಮುರಿದ ಬಾಗಿಲು ತೂಕದ ಲೆಕ್ಕದಲ್ಲಿ ಸಿಗುತ್ತವೆ. ಅವುಗಳ ಮೈಮೇಲೆಯೇ ಹೊಂದುವ ಬೋಲ್ಟು, ಕ್ಲಿಪ್ಪು ಸಾಲಾಗಿ ಇರುತ್ತವೆ.

ಆಮೇಲೆ ಬೆಂಗಳೂರು. ಗಾಡಿ ಸ್ಪೇರ್ಸಿಗೆ ಜೆಸಿ ರಸ್ತೆ ಮತ್ತು ಕಲಾಸಿಪಾಳ್ಯ, ಹಳೆ ಬಿಚ್ಚಿದ ಸಾಮಾನಿಗೆ ಶಿವಾಜಿನಗರ, ಥ್ರೆಡ್ ಕೊರೆಯುವ ಟ್ಯಾಪು-ಡೈ, ಹಾರ್ಡ್‌ವೇರಿಗೆ ಎಸ್‌ಪಿ ರಸ್ತೆಯ ಸುತ್ತಮುತ್ತ. ಭಾನುವಾರ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಡಿ. ಅಲ್ಲೂ ಆಗದಿದ್ದರೆ ಚೆನ್ನೈನ ಪುದುಪೇಟೆ. ಜೀಪಿನ ಬಾಡಿ ಸಾಮಾನಿಗೆ ಹರಿಯಾಣದ ಡಬ್ವಾಲಿಯಿಂದ ತರಿಸುವವರಿದ್ದಾರೆ, ಆದರೆ ಅಲ್ಲಿಂದ ಬರುವುದು ಬಹುತೇಕ ಹೊಸದಾಗಿ ಮಾಡಿದ್ದು. ಅಸಲಿ ಅಂದುಕೊಂಡು ಬೆಲೆ ಕೊಡಬೇಡಿ.

ಕೇಳುವಾಗ ವ್ಯಾಸ, ಥ್ರೆಡ್ ಎಣಿಕೆ, ತಲೆಯ ಅಡಿಯಿಂದ ಉದ್ದ, ಥ್ರೆಡ್ ಇಲ್ಲದ ಭಾಗದ ಉದ್ದ, ಗ್ರೇಡ್ ಐದನ್ನೂ ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫೋಟೋದಲ್ಲಿ ಪಕ್ಕಕ್ಕೆ ಸ್ಕೇಲ್ ಇಡಿ. ಅಂಬಾಸಿಡರಿನವರಿಗೆ ಮಾರಿಸ್ ಆಕ್ಸ್‌ಫರ್ಡ್ ಬಿಡಿಭಾಗದ ಪಟ್ಟಿ ಸಿಕ್ಕರೆ ಕೆಲಸ ಹಗುರ. ಅಲ್ಲಿ ಬೋಲ್ಟಿನ ನಂಬರಲ್ಲೇ ಅಳತೆ ಅಡಗಿದೆ. 'ಎಚ್‌ಝಡ್‌ಎಸ್ 0506' ಎಂದರೆ 5/16 ಯುಎನ್‌ಎಫ್, ಉದ್ದ ಆರು ಎಂಟನೆಯ ಇಂಚು, ಅಂದರೆ 3/4 ಇಂಚು.

ಮೋಸದ ಲಕ್ಷಣಗಳು ಇವು. ಡಬ್ಬಿ ಹಳೆಯದು, ಒಳಗಿನ ಬೋಲ್ಟು ಫಳಫಳ. ಒಂದೇ ಪೊಟ್ಟಣದಲ್ಲಿ ಎರಡು ಬಗೆಯ ತಲೆ ಗುರುತು. ಹಿತ್ತಾಳೆ ಎಂದು ಕೊಟ್ಟದ್ದಕ್ಕೆ ಅಯಸ್ಕಾಂತ ಅಂಟುವುದು. ಇನ್ನು, ರಬ್ಬರ್ ಸಾಮಾನು ಎಷ್ಟೇ ಅಸಲಿ ಹಳೆ ದಾಸ್ತಾನಾದರೂ ಬೇಡ. ಮೂವತ್ತು ವರ್ಷ ಡಬ್ಬಿಯಲ್ಲಿದ್ದ ಬ್ರೇಕ್ ವಾಷರ್ ಡಬ್ಬಿಯೊಳಗೇ ಸತ್ತಿರುತ್ತದೆ.

ಹಂತ 8: ಸಿಗದಿದ್ದರೆ ಮಾತ್ರ ಮಾಡಿಸಿ

ಲೇತ್ ಅಂಗಡಿಗೆ ಮಾದರಿ ಬೋಲ್ಟಿನ ಜೊತೆ ಬರೆದ ಅಳತೆಯನ್ನೂ ಕೊಡಿ. ಸುಮ್ನೆ ಕಬ್ಬಿಣದ ಸರಳಿನಲ್ಲಿ ಮಾಡಬೇಡಿ, ಈಎನ್8 ಎಂಬ ಗಟ್ಟಿ ಉಕ್ಕು ಹಾಕಿ ಎಂದು ಹೇಳಿ. ಕಾರ್ಖಾನೆಯ ಬೋಲ್ಟಿನ ಥ್ರೆಡ್ಡನ್ನು ಒತ್ತಿ ಉರುಳಿಸಿ ಮಾಡಿರುತ್ತಾರೆ. ಲೇತ್‌ನಲ್ಲಿ ಕತ್ತರಿಸಿದ್ದಕ್ಕೆ ಆ ಶಕ್ತಿ ಬರುವುದಿಲ್ಲ. ಹಾಗಾಗಿ ಟ್ರಿಮ್ ಸ್ಕ್ರೂ, ಬಾಗಿಲ ಕೀಲಿನ ಪಿನ್ನು, ಅಲಂಕಾರದ ನಟ್ಟು ಮಾಡಿಸಿ. ಹಂತ 4ರಲ್ಲಿ ಹೇಳಿದ ಜಾಗಗಳಿಗೆ ಮಾತ್ರ ಬೇಡ.

ಪ್ಲೇಟಿಂಗಿಗೆ ಸಣ್ಣ ಲಾಟು ತೆಗೆದುಕೊಳ್ಳುವವರು ಪೀಣ್ಯದ ಕಡೆ ಸಿಗುತ್ತಾರೆ. ಕೊಡುವ ಮುಂಚೆ ಎಣಿಸಿ, ಹರಡಿ ಫೋಟೋ ತೆಗೆದು, ತಂತಿಗೆ ಪೋಣಿಸಿ ಕೊಡಿ. ಬಿಡಿಯಾಗಿ ಕೊಟ್ಟರೆ ಬ್ಯಾರೆಲ್ಲಿನಲ್ಲಿ ಬೇರೆಯವರ ಸಾಮಾನಿನ ಜೊತೆ ಬೆರೆಯುತ್ತದೆ. ಮಾಸಲು ಬಿಳಿ ಜಿಂಕ್ ಕೇಳಿ. ಹಳದಿ ಮಿಂಚಿನದು ಎಲ್ಲಕ್ಕೂ ಒಪ್ಪುವುದಿಲ್ಲ. ಗಟ್ಟಿ ಗ್ರೇಡಿನ ಬೋಲ್ಟುಗಳನ್ನು ಪ್ಲೇಟಿಂಗಿಗೆ ಕೊಡದೆ ಕಪ್ಪಾಗಿಯೇ ಎಣ್ಣೆ ಹಚ್ಚಿ ಇಡುವುದು ಕ್ಷೇಮ.

ಹಂತ 9: ಕೂರಿಸುವ ಮುನ್ನ, ಕೂರಿಸಿದ ಮೇಲೆ

ತೂತಿನ ಥ್ರೆಡ್ ಸ್ವಚ್ಛ ಮಾಡಲು ಹೊಸ ಟ್ಯಾಪ್ ಓಡಿಸಬೇಡಿ, ಅದು ಲೋಹವನ್ನೇ ತಿನ್ನುತ್ತದೆ. ಅದೇ ಅಳತೆಯ ಹಳೆ ಬೋಲ್ಟಿಗೆ ಉದ್ದಕ್ಕೆ ಒಂದು ಗರಗಸದ ಗೆರೆ ಹಾಕಿ, ಎಣ್ಣೆ ಹಚ್ಚಿ ತಿರುಗಿಸಿ. ಕೊಳೆ ಆ ಗೆರೆಯೊಳಗೆ ತುಂಬಿಕೊಂಡು ಬರುತ್ತದೆ.

ಪ್ರತಿ ಬೋಲ್ಟೂ ಕೊನೆಯವರೆಗೆ ಬೆರಳಲ್ಲೇ ಹೋಗಬೇಕು. ಮೂರನೇ ಸುತ್ತಿಗೆ ಬಿಗಿಯಾದರೆ ಹೊರಗೆ ತೆಗೆದು ಮತ್ತೆ ಅಳೆಯಿರಿ. ಉದ್ದ ಜಾಸ್ತಿಯಿದ್ದು ತಳ ಮುಟ್ಟಿದರೂ ಬಿಗಿಯಾದ ಹಾಗೇ ಅನ್ನಿಸುತ್ತದೆ, ಆದರೆ ಭಾಗ ಸಡಿಲವೇ ಉಳಿದಿರುತ್ತದೆ.

ಮೊದಲ ಓಡಾಟ ತೋಟದ ರಸ್ತೆಯಲ್ಲೇ ಇರಲಿ. ಬಂದ ತಕ್ಷಣ ಚಕ್ರದ ನಟ್ಟು, ಯು-ಬೋಲ್ಟು, ಸ್ಟೇರಿಂಗ್ ಜೋಡಣೆಗಳಿಗೆ ಮತ್ತೆ ಸ್ಪ್ಯಾನರ್ ಹಾಕಿ ನೋಡಿ. ಬ್ರೇಕ್ ಪೈಪಿನ ಪ್ರತಿ ನಟ್ಟಿಗೂ ಬಿಳಿ ಕಾಗದ ಒತ್ತಿ, ಒಬ್ಬರು ಪೆಡಲ್ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಪರೀಕ್ಷಿಸಿ. ಕಾಗದಕ್ಕೆ ಒಂದು ಚುಕ್ಕೆ ತೇವ ಬಂದರೂ ಗಾಡಿ ಡಾಂಬರು ರಸ್ತೆಗೆ ಹೋಗಬಾರದು.